ಗಾಲಿಕುರ್ಚಿಯ ಪ್ರಯಾಣ: ಹೊರಡುವ ಮೊದಲು ಕೇಳಬೇಕಾದದ್ದು

ಕಳೆದ ವರ್ಷ ನಾವು ಗಾಲಿಕುರ್ಚಿಯಲ್ಲಿ ಓಡಾಡುವ ಗೆಳೆಯರೊಬ್ಬರನ್ನು ಅವರ ತಂಗಿಯ ಮದುವೆಗೆಂದು ಮುಂಬಯಿಯಿಂದ ಹುಬ್ಬಳ್ಳಿಗೆ ಕರೆದೊಯ್ದೆವು. ವಸತಿಗೃಹಕ್ಕೆ ಮೊದಲೇ ಫೋನು ಮಾಡಿ, ಗಾಲಿಕುರ್ಚಿಗೆ ಅನುಕೂಲ ಉಂಟೇ ಎಂದು ವಿಚಾರಿಸಿದ್ದೆವು. "ಎಲ್ಲಾ ಐತ್ರೀ, ಲಿಫ್ಟೂ ಐತಿ, ಬರ್ರಿ" ಎಂದು ಉತ್ತರ ಬಂದಿತ್ತು. ಹೋಗಿ ನೋಡಿದರೆ ಲಿಫ್ಟು ನಿಜವಾಗಿಯೂ ಇತ್ತು. ಅದರ ಬಳಿ ಹೋಗಲು ನಾಲ್ಕು ಮೆಟ್ಟಿಲು ಹತ್ತಬೇಕಿತ್ತು. ಇಬ್ಬರು ಹಿಡಿದು ಎತ್ತಿದೆವು. ಆದರೆ ಬಚ್ಚಲ ಬಾಗಿಲು 22 ಅಂಗುಲ, ಕುರ್ಚಿ 26. ಮದುವೆಯ ದಿನವಿಡೀ ಗೆಳೆಯರು ಒಂದು ಗುಟುಕು ನೀರು ಕುಡಿಯಲಿಲ್ಲ. ಏಕೆಂದು ನಾವೂ ಕೇಳಲಿಲ್ಲ.

ಫೋನಿನಲ್ಲಿ ಮಾತಾಡಿದವನು ಸುಳ್ಳು ಹೇಳಿರಲಿಲ್ಲ. ನಡೆದಾಡುವವನಿಗೆ ನಾಲ್ಕು ಮೆಟ್ಟಿಲು ಲೆಕ್ಕಕ್ಕೇ ಬರುವುದಿಲ್ಲ. ನಾವು ಕೇಳಿದ ರೀತಿಯೇ ಸರಿಯಿರಲಿಲ್ಲ. "ಅನುಕೂಲ ಉಂಟೇ" ಎಂದರೆ ಯಾರಾದರೂ "ಉಂಟು" ಎನ್ನುವವರೇ. ಆದ್ದರಿಂದ ವಾಚಕರು ಅಳತೆಯನ್ನೇ ಕೇಳಬೇಕು. ಬೀದಿಯಿಂದ ಹಾಸಿಗೆಯವರೆಗೆ ಒಟ್ಟು ಮೆಟ್ಟಿಲು ಎಷ್ಟು? ಬಚ್ಚಲ ಬಾಗಿಲು ಎಷ್ಟು ಅಂಗುಲ? ಬಾಗಿಲಿಗೆ ಟೇಪು ಹಿಡಿದು ಮೊಬೈಲಿನಲ್ಲಿ ಚಿತ್ರ ತೆಗೆದು ಕಳಿಸಿರೆಂದು ಕೇಳಿಕೊಳ್ಳಲು ಸಂಕೋಚಪಡಬಾರದು. ಇಳಿಜಾರು ಇದೆ ಎಂದರೆ ಅದರ ಎತ್ತರ, ಉದ್ದ ಎರಡನ್ನೂ ಕೇಳಿರಿ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕೆಂಬುದು ಒಪ್ಪಿತವಾದ ಲೆಕ್ಕ. ಮೂಟೆ ಏರಿಸುವ ಹಲಗೆಯನ್ನೇ ಇಳಿಜಾರು ಎನ್ನುವ ಮಹನೀಯರೂ ಇದ್ದಾರೆ!

ರೈಲಿನ ಮಾತು ಬೇರೆ. ಅನೇಕ ಎಕ್ಸ್‌ಪ್ರೆಸ್ ಗಾಡಿಗಳಲ್ಲಿ ಗಾರ್ಡಿನ ಡಬ್ಬಿಗೆ ಸೇರಿದಂತೆ ಅಂಗವಿಕಲರ ವಿಭಾಗವಿರುತ್ತದೆ. ಅದರ ಬಾಗಿಲೂ ಶೌಚಾಲಯವೂ ಅಗಲ. ಅದು ಸಾಮಾನ್ಯವಾಗಿ ಗಾಡಿಯ ತುದಿಯಲ್ಲಿರುತ್ತದೆ. ಯಾವ ತುದಿ ಎಂಬುದನ್ನು ತಿಳಿಯದೆ ಹೋದರೆ ಕಷ್ಟ. ಹುಬ್ಬಳ್ಳಿಯಲ್ಲಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರ್ಮಿನ ಉದ್ದ 1,507 ಮೀಟರು; ಅಲ್ಲಿ ತಪ್ಪು ತುದಿಯಲ್ಲಿ ನಿಂತವರ ಗತಿಯನ್ನು ನೀವೇ ಊಹಿಸಿರಿ. ಗಾಡಿಯ ವಿಚಾರಣೆಗೆ 139 ಇದೆ. ಆದರೆ ಲಿಫ್ಟು ಈ ಹೊತ್ತು ನಡೆಯುತ್ತಿದೆಯೇ ಎಂಬುದನ್ನು ನಿಲ್ದಾಣದಲ್ಲೇ ಕೇಳಬೇಕು. ನಮ್ಮ ಅನುಭವದಲ್ಲಿ ಹಮಾಲರ ಮಾತು ಹುಸಿಯಾದದ್ದಿಲ್ಲ. ಪ್ಲಾಟ್‌ಫಾರ್ಮು ಕೊನೆ ಗಳಿಗೆಯಲ್ಲಿ ಬದಲಾಗುವುದುಂಟು. ಬೇರೆ ಪ್ಲಾಟ್‌ಫಾರ್ಮಿಗೆ ಮೆಟ್ಟಿಲಿಲ್ಲದ ದಾರಿ ಯಾವುದೆಂದು ಆಗಲೇ ಕೇಳಿಟ್ಟುಕೊಳ್ಳಿರಿ.

ಎಲ್ಲಕ್ಕಿಂತ ನಂಬತಕ್ಕದ್ದು ಆ ಊರಿನಲ್ಲೇ ಗಾಲಿಕುರ್ಚಿ ಬಳಸುವವರ ಮಾತು. ಅಂಥವರು ಸಿಗದಿದ್ದರೆ ಬಂಧುವೊಬ್ಬರನ್ನು ಟೇಪು ಕೊಟ್ಟು ಕಳಿಸಬೇಕು. ಈ ವರ್ಷ ಧಾರವಾಡದ ಮುಂಜಿಗೆ ನಾವು ಹಾಗೆಯೇ ಮಾಡಿದೆವು. ಗೆಳೆಯರ ಸೋದರಮಾವ ಹೋಗಿ ಅಳೆದು, "ಬಾಗಿಲ 31, ಮೆಟ್ಟಲ ಒಂದ" ಎಂದು ತಿಳಿಸಿದರು. ಅವರೇ ಒಂದು ಹಲಗೆಯನ್ನೂ ಹೊಂದಿಸಿಟ್ಟಿದ್ದರು.

ಗೆಳೆಯರು ಬೆಳಗಾವಿಯಲ್ಲೇ ಎರಡು ಲೋಟ ಚಹಾ ಕುಡಿದರು.