ಹಿಂದಿನ ಬೀದಿಯಲ್ಲಿ ನಿಂತು ಕೇಳು

ಕಂದ,

ಹೊಸ ಬಾಕ್ಸುಗಳನ್ನು ಟೆಂಪೋದಿಂದ ಇಳಿಸುತ್ತಿರುವ ಫೋಟೋ ನೋಡಿದೆ. ಸಾಲ ಮಾಡಿ ತಂದಿದ್ದೀಯ, ಈ ಗಣೇಶನ ಹಬ್ಬದಿಂದಲೇ ನಾಲ್ಕು ಕಾಸು ಕಾಣಬೇಕು ಅನ್ನುವ ಆತುರ ನನಗೆ ಅರ್ಥವಾಗುತ್ತದೆ. ನಾನೂ ಇದೇ ಬೆಂಗಳೂರಿನಲ್ಲಿ ಮೂವತ್ತು ವರ್ಷ ಮೈಕ್‌ಸೆಟ್ ಬಾಡಿಗೆಗೆ ಕೊಟ್ಟು ಸಂಸಾರ ಸಾಕಿದವನು. ಆದರೆ ಮೊನ್ನೆ ಫೋನಿನಲ್ಲಿ, "ತಾತ, ಹತ್ತು ಗಂಟೆಗೆ ಆಫ್ ಮಾಡಿದ್ರೆ ಯಾರು ನನ್ನ ಕರೀತಾರೆ? ರೂಲ್ಸೆಲ್ಲ ಪೇಪರ್ ಮೇಲೆ" ಅಂದೆಯಲ್ಲ, ಆ ಮಾತು ಎರಡು ದಿನದಿಂದ ನನ್ನನ್ನು ಬಿಟ್ಟಿಲ್ಲ.

ನಿನ್ನ ಅಜ್ಜಿಯ ಹೊರತು ಯಾರಿಗೂ ಹೇಳದ ಒಂದು ಸಂಗತಿ ಹೇಳುತ್ತೇನೆ. ಎಂಬತ್ತರ ದಶಕದ ಒಂದು ನವೆಂಬರ್, ರಾಜ್ಯೋತ್ಸವದ ಆರ್ಕೆಸ್ಟ್ರಾ. ರಾತ್ರಿ ಹನ್ನೊಂದು ದಾಟಿತ್ತು, ಜನ ಒನ್ಸ್ ಮೋರ್ ಅನ್ನುತ್ತಿದ್ದರು, ನಾನು ಆಂಪ್ಲಿಫೈಯರ್ ಪಕ್ಕ ಕೂತಿದ್ದೆ. ಹತ್ತು ವರ್ಷದ ಒಬ್ಬ ಹುಡುಗ ಬಂದು ಅಂಗಿ ಜಗ್ಗಿದ. ಏನೋ ಹೇಳಿದ. ಆ ಗದ್ದಲದಲ್ಲಿ ನನಗೇನೂ ಕೇಳಿಸಲಿಲ್ಲ. ತಲೆಯಾಡಿಸಿ ಕಳಿಸಿದೆ. ಮತ್ತೆ ಬಂದ, ಮತ್ತೆ ಕಳಿಸಿದೆ. ಮೂರನೆಯ ಸಲ ಬಂದವನು ಬಾಯಿ ಬಿಡದೆ ಸುಮ್ಮನೆ ನಿಂತಿದ್ದು ಹೊರಟುಹೋದ. ಬೆಳಿಗ್ಗೆ ವೈರು ಸುತ್ತುತ್ತಾ ಹಿಂದಿನ ಬೀದಿಗೆ ಹೋದರೆ ಒಂದು ಮನೆಯ ಮುಂದೆ ಬೆಂಕಿ ಹಾಕಿದ್ದರು, ಬಿದಿರು ಕಟ್ಟುತ್ತಿದ್ದರು. ಆ ಹುಡುಗ ಜಗಲಿಯ ಮೇಲೆ ಕೂತಿದ್ದ. ಅವನ ಅಜ್ಜಿ. ಅವಳು ಹೋದದ್ದು ನನ್ನ ಶಬ್ದದಿಂದ ಅಂತ ಯಾರೂ ಅನ್ನಲಿಲ್ಲ, ನಾನೂ ಹಾಗೆ ಹೇಳಲಾರೆ. ಕೊನೆಯ ರಾತ್ರಿ ಅವಳು ಮನೆಯವರಿಗೆ ಏನಾದರೂ ಹೇಳಿದ್ದರೆ ಅದು ಅವರಿಗೆ ಕೇಳಿಸಿರಲಿಕ್ಕಿಲ್ಲ. ಅಷ್ಟು ನನಗೆ ಗೊತ್ತು.

ಆಗ ಈ ನಿಯಮಗಳಿರಲಿಲ್ಲ. ಪರಿಸರ ಸಂರಕ್ಷಣಾ ಕಾಯ್ದೆಯಡಿ ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳು ಬಂದದ್ದು 2000ದಲ್ಲಿ. ಅವನ್ನು ಗಟ್ಟಿ ಮಾಡಿದ್ದು 2005ರ ಜುಲೈ 18ರ ಸುಪ್ರೀಂ ಕೋರ್ಟ್ ತೀರ್ಪು. ಆ ಮೊಕದ್ದಮೆಯ ಹಿಂದೆ ಏನಿತ್ತು ಅಂತ ತಿಳಿದ ದಿನ ನನಗೆ ಊಟ ಸೇರಲಿಲ್ಲ. ಹದಿಮೂರು ವರ್ಷದ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರವಾದಾಗ ಅವಳ ಕೂಗು ಅಕ್ಕಪಕ್ಕದವರಿಗೆ ಕೇಳಿಸಲಿಲ್ಲ, ಧ್ವನಿವರ್ಧಕದ ಹಾಡು ಅದನ್ನು ನುಂಗಿಹಾಕಿತ್ತು. ಮಾತನಾಡುವ ಹಕ್ಕು ಎಲ್ಲರಿಗೂ ಇದೆ, ಬೇಡ ಅನ್ನುವವರ ಕಿವಿಗೆ ತುರುಕುವ ಹಕ್ಕು ಯಾರಿಗೂ ಇಲ್ಲ ಅಂತ ಕೋರ್ಟು ಹೇಳಿತು. ಮೈಕ್‌ಸೆಟ್ ಜಪ್ತಿಗೆ ಕಾನೂನಿನಲ್ಲಿ ಅವಕಾಶ ಮಾಡಿ ಅಂತ ರಾಜ್ಯಗಳಿಗೆ ಸೂಚಿಸಿದ್ದೂ ಆ ತೀರ್ಪೇ. ಸಾಲದ ಬಾಕ್ಸು ಠಾಣೆ ಸೇರಿದರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲ, ನೆನಪಿಡು.

ಅನುಮತಿ ಲಿಖಿತವಾಗಿಯೇ ಇರಬೇಕು. "ಕಾರ್ಪೊರೇಟರ್ ಹೇಳಿದಾರೆ, ಹಾಕು" ಅಂದರೆ ಹಾಕಬೇಡ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ 12ರವರೆಗೆ ಬಿಡುವುದುಂಟು, ಆದರೆ ವರ್ಷಕ್ಕೆ 15 ದಿನ ಮೀರುವಂತಿಲ್ಲ. ಆ ದಿನಗಳನ್ನು ಗೊತ್ತುಮಾಡುವುದು ಸರ್ಕಾರ, ನಿನ್ನ ಪೆಂಡಾಲಿನ ಸಮಿತಿಯಲ್ಲ. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ ಕನಿಷ್ಠ 100 ಮೀಟರನ್ನು ಸರ್ಕಾರ ನಿಶ್ಶಬ್ದ ವಲಯ ಅಂತ ಘೋಷಿಸಬಹುದು. ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45. ಸಾರ್ವಜನಿಕ ಜಾಗದ ಗಡಿಯಲ್ಲಿ ಅಳೆದರೆ ಆ ಪ್ರದೇಶದ ಮಿತಿಗಿಂತ 10 ಹೆಚ್ಚಾಗಬಹುದು, ಇಲ್ಲವೇ 75, ಎರಡರಲ್ಲಿ ಯಾವುದು ಕಡಿಮೆಯೋ ಅದು. ಅಂದರೆ ಮನೆಗಳಿರುವ ಬೀದಿಯಲ್ಲಿ ಹಗಲು ಹೊತ್ತೇ ನಿನಗೆ ಸಿಗುವುದು 65. ನಿನ್ನ ಈಗಿನ ಬಾಕ್ಸಿಗೆ ಅದು ಪಿಸುಮಾತು, ಗೊತ್ತು. ಹಾಗಾದರೆ ಆ ಬೀದಿಗೆ ಅಂಥ ಬಾಕ್ಸು ಬೇಕಿಲ್ಲ ಅಂತ ತಿಳಿ.

ಕಸುಬಿನ ಮಾತು ಹೇಳುತ್ತೇನೆ, ಇದನ್ನು ಪುಸ್ತಕ ನೋಡಿ ಕಲಿತವನಲ್ಲ ನಾನು. ವೇದಿಕೆಯ ಎರಡು ಬದಿಗೆ ದೊಡ್ಡ ಬಾಕ್ಸು ಪೇರಿಸಿ ಕೊನೆಯ ಸಾಲಿಗೂ ಕೇಳಲಿ ಅಂತ ಏರಿಸಿದರೆ ಮುಂದಿನ ಸಾಲಿನವರ ಎದೆ ನಡುಗುತ್ತದೆ, ಬೀದಿಯಾಚೆಯವರ ನಿದ್ದೆ ಕೆಡುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಶಬ್ದ 6 ಡೆಸಿಬಲ್ಲಿನಷ್ಟು ಇಳಿಯುತ್ತದೆ. ಆದ್ದರಿಂದ ಸಣ್ಣ ಸ್ಪೀಕರುಗಳನ್ನು ಜನರ ಹತ್ತಿರ, ಅಲ್ಲಲ್ಲಿ, ಕೆಳಮುಖ ಮಾಡಿ ಕಟ್ಟು. ಭಜನೆಯ ಒಂದೊಂದು ಅಕ್ಷರವೂ ಕೇಳುತ್ತದೆ, ಹೊರಗೆ ಹೋಗುವುದು ಕಡಿಮೆ.

ಇನ್ನು ಬಾಸು. ಮೊಬೈಲಿನ ಮೀಟರ್ ನೋಡಿ ಲಿಮಿಟ್ ಒಳಗೇ ಇದೆ ಅಂತ ಸಮಾಧಾನಪಡಬೇಡ. ಕಾನೂನು ಹೇಳುವ ಡೆಸಿಬಲ್‌ನ ಅಳತೆ ಮನುಷ್ಯನ ಕಿವಿಗೆ ಹೊಂದಿಸಿದ್ದು, ತಗ್ಗಿನ ಸ್ವರಗಳನ್ನು ಅದು ಕಡಿಮೆ ಮಾಡಿ ಎಣಿಸುತ್ತದೆ. ಗೋಡೆ ದಾಟುವುದು ಆ ತಗ್ಗಿನ ಸ್ವರಗಳೇ. ಮೀಟರಿನಲ್ಲಿ ನೀನು ತಪ್ಪಿತಸ್ಥನಲ್ಲ, ಆದರೆ ಪಕ್ಕದ ಮನೆಯ ಕಿಟಕಿ ಗಾಜು ಅದುರುತ್ತಿರುತ್ತದೆ, ತೊಟ್ಟಿಲಿನ ಮಗು ಬೆಚ್ಚಿ ಏಳುತ್ತದೆ.

ಮತ್ತು ನಿನ್ನ ಕಿವಿ, ಕಂದ. ನನ್ನ ಬಲಗಿವಿ ಹೋದದ್ದು ಮುಪ್ಪಿನಿಂದ ಅಂತ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದಾರೆ. ಅಲ್ಲ. ಒಳಗಿವಿಯಲ್ಲಿ ಹುಟ್ಟಿನಿಂದ ಬರುವ ಕೂದಲಿನಂಥ ಜೀವಕೋಶಗಳು ಸುಮಾರು 15,000, ಸತ್ತರೆ ಮತ್ತೆ ಹುಟ್ಟುವುದಿಲ್ಲ. 85 ಡೆಸಿಬಲ್ಲಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದಂತೆ. ಪ್ರತಿ 3 ಏರಿದಂತೆ ಆ ಹೊತ್ತು ಅರ್ಧವಾಗುತ್ತದೆ. 100ಕ್ಕೆ ಉಳಿಯುವುದು ಕಾಲು ಗಂಟೆ. ನೀನು ಮತ್ತು ನಿನ್ನ ಹುಡುಗರು ಅಲ್ಲಿ ಐದು ಗಂಟೆ ನಿಲ್ಲುತ್ತೀರಿ. ಅವರು ಕೂಲಿಗೆ ಬಂದವರು, ಬೇಡ ಅನ್ನಲಾರರು. ಅವರ ಕಿವಿಗೆ ಪ್ಲಗ್ ತಂದುಕೊಡುವುದು ನಿನ್ನ ಜವಾಬ್ದಾರಿ.

ನಮ್ಮ ಹಬ್ಬಗಳ ಮೇಲೇ ಯಾಕೆ ಈ ನಿಯಮ ಅಂತಲೂ ಕೇಳಿದೆ. ನಿಯಮ ಪಬ್ಬಿಗೂ ಇದೆ, ಪ್ರಚಾರ ಸಭೆಗೂ ಇದೆ, ಎಲ್ಲ ಪ್ರಾರ್ಥನಾ ಮಂದಿರಗಳಿಗೂ ಇದೆ. ಎಲ್ಲ ಕಡೆ ಸರಿಯಾಗಿ ಜಾರಿಯಾಗುತ್ತಿಲ್ಲ ಅನ್ನುವ ನಿನ್ನ ಸಿಟ್ಟು ನ್ಯಾಯವೇ. ಕರಾವಳಿಯಲ್ಲಿ ಬೆಳಗಿನವರೆಗೆ ನಡೆಯುತ್ತಿದ್ದ ಯಕ್ಷಗಾನ ಇದೇ ಕಾರಣಕ್ಕೆ ಕೆಲವೆಡೆ ಕಾಲಮಿತಿಗೆ ಬಂದಾಗ ನನಗೂ ಸಂಕಟವಾಯಿತು. ಆದರೆ ಬೇರೆಯವರು ಮುರಿಯುತ್ತಾರೆ ಅನ್ನುವುದನ್ನು ನಿನ್ನ ಬಾಕ್ಸಿನ ಹಿಂದಿನ ಮನೆಯವರಿಗೆ ಹೇಗೆ ಹೇಳುತ್ತೀಯ? 112ಕ್ಕೆ ಫೋನ್ ಮಾಡುವ ಧೈರ್ಯ ಇರುವವರು ಕಡಿಮೆ. ಅದೇ ಬೀದಿಯಲ್ಲಿ ಬಾಳಬೇಕಲ್ಲ, ಬಾಗಿಲು ಹಾಕಿಕೊಂಡು ಸಹಿಸುತ್ತಾರೆ. ಅವರು ಸುಮ್ಮನಿರುವುದನ್ನು ಒಪ್ಪಿಗೆ ಅಂದುಕೊಳ್ಳಬೇಡ.

ಆ ರಾಜ್ಯೋತ್ಸವದ ನಂತರ ನಾನು ಒಂದು ಅಭ್ಯಾಸ ಇಟ್ಟುಕೊಂಡೆ. ವೈರ್ ಎಳೆಯುವ ಮೊದಲು ಸುತ್ತಲ ಬೀದಿಗಳಲ್ಲಿ ನಡೆಯುತ್ತಿದ್ದೆ. ಹಾಸಿಗೆ ಹಿಡಿದವರಿದ್ದಾರಾ, ಬಾಣಂತಿ ಇದ್ದಾಳಾ, ಪರೀಕ್ಷೆ ಇದೆಯಾ ಅಂತ ಕೇಳುತ್ತಿದ್ದೆ. ಹಾಡು ಶುರುವಾದ ಮೇಲೆ ಇನ್ನೊಂದು ಸುತ್ತು. ಗಿರಾಕಿ ಎರಡು ಕಡೆ ತಪ್ಪಿತು, ನಾಲ್ಕು ಕಡೆ ಹೊಸದಾಗಿ ಬಂತು.

ನಿನ್ನ ಮೊದಲ ಪೆಂಡಾಲು ಯಾವ ಬೀದಿಯಲ್ಲಿ ಅಂತ ಫೋನ್ ಮಾಡಿ ತಿಳಿಸು. ಸಂಜೆ ನಾಲ್ಕಕ್ಕೇ ಬರುತ್ತೇನೆ, ಹಿಂದಿನ ಬೀದಿಯಲ್ಲಿ ಇಬ್ಬರೂ ನಡೆದು ನೋಡೋಣ. ನನ್ನ ಎಡಗಿವಿ ಇನ್ನೂ ಚೆನ್ನಾಗಿದೆ.