ಗಾಯಾಳುವಿಗೆ ನೆರವಾದರೆ ಕೇಸಿನ ಭಯ ಬೇಡ. ರಸ್ತೆಯ ಮೇಲೆ ಎಚ್ಚರ ಬೇಕು

2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ತುಮಕೂರು ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿದ ಬೈಕ್ ಸವಾರ ಹರೀಶ್, ಸಾಯುವ ಮುನ್ನ ಅಂಗಾಂಗ ದಾನ ಮಾಡುವಂತೆ ಕೇಳಿಕೊಂಡರು. ಅವರ ಕಣ್ಣುಗಳು ದಾನವಾದವು. ಮರುತಿಂಗಳೇ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ, ಅಪಘಾತದ ಗಾಯಾಳುಗಳ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂ.ವರೆಗೆ ಭರಿಸುವ ‘ಮುಖ್ಯಮಂತ್ರಿ ಸಾಂತ್ವನ ಹರೀಶ್’ ಯೋಜನೆ ಆರಂಭಿಸಿತು. ಅದೇ ಮಾರ್ಚ್ 30ರಂದು ಸುಪ್ರೀಂ ಕೋರ್ಟ್, ನೆರವಿಗೆ ಬರುವವರನ್ನು ರಕ್ಷಿಸುವ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. ಹೀಗೆ ನೆರವಾಗುವವರನ್ನು ‘ಗುಡ್ ಸಮರಿಟನ್’ ಎಂದು ಕರೆಯುವ ಕರ್ನಾಟಕದ ಸ್ವಂತ ಕಾಯ್ದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ ಇದೇ ರಕ್ಷಣೆ ಕೊಡುವ 134ಎ ಕಲಂ ಸೇರಿತು.

ಆದರೂ ‘ನಮಗ್ಯಾಕಪ್ಪಾ ಸ್ಟೇಷನ್ನು, ಕೋರ್ಟು’ ಎಂದು ಹಿಂಜರಿಯುವವರು ಇಂದಿಗೂ ಇದ್ದಾರೆ. ಕಾನೂನು ಆ ಭಯವನ್ನು ತೆಗೆದಿದೆ. ಹಿಂದಿನಿಂದ ಬರುವ ಲಾರಿಯಿಂದ ಮಾತ್ರ ನೀವೇ ಪಾರಾಗಬೇಕು.

ಮೊದಲು ನಿಮ್ಮ ಸುರಕ್ಷತೆ

• ಗಾಡಿಯನ್ನು ರಸ್ತೆ ಬಿಟ್ಟು ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಹಾಕಿ. ಬರುವ ವಾಹನಗಳನ್ನು ಎಚ್ಚರಿಸಲು ಒಬ್ಬರು ರಸ್ತೆ ಬದಿಯಲ್ಲಿ, ಸಾಕಷ್ಟು ಹಿಂದೆ ನಿಲ್ಲಲಿ.
• ಪೆಟ್ರೋಲ್ ಸೋರುತ್ತಿದ್ದರೆ ಬೆಂಕಿಕಡ್ಡಿ, ಬೀಡಿ ಹತ್ತಿರ ಬರಬಾರದು. ವಿದ್ಯುತ್ ತಂತಿ ಬಿದ್ದಿದ್ದರೆ ವಿದ್ಯುತ್ ಕಂಪನಿಯವರು ಲೈನ್ ಕಡಿಯುವವರೆಗೆ ದೂರವಿರಿ.
• ರಕ್ತ ಮುಟ್ಟುವ ಮುನ್ನ ಕೈಗವಸು, ಇಲ್ಲದಿದ್ದರೆ ಪ್ಲಾಸ್ಟಿಕ್ ಕವರ್ ಹಾಕಿಕೊಳ್ಳಿ. ಆಮೇಲೆ ಸೋಪಿನಿಂದ ಕೈ ತೊಳೆಯಿರಿ.
• ರಕ್ತ ಸುರಿಯುವ ಜಾಗವನ್ನು ಶುಚಿಯಾದ ಬಟ್ಟೆಯಿಂದ ಒತ್ತಿ ಹಿಡಿಯಿರಿ. ನೀರು ಕುಡಿಸಬೇಡಿ. ಬೆಂಕಿಯಂಥ ಅಪಾಯವಿಲ್ಲದಿದ್ದರೆ ಗಾಯಾಳುವನ್ನು ಎಳೆದಾಡಬೇಡಿ.
• ಆಂಬುಲೆನ್ಸ್‌ಗೆ 108, ಪೊಲೀಸರಿಗೆ 112, ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033.

ನಿಮ್ಮ ಹಕ್ಕುಗಳು

ಸದುದ್ದೇಶದಿಂದ, ಪ್ರತಿಫಲ ಬಯಸದೆ ನೆರವಾದಾಗ, ನಿಮ್ಮ ಕೈತಪ್ಪಿನಿಂದ ಗಾಯ ಹೆಚ್ಚಾದರೂ ಸಾವು ಸಂಭವಿಸಿದರೂ 134ಎ ಪ್ರಕಾರ ಸಿವಿಲ್, ಕ್ರಿಮಿನಲ್ ಹೊಣೆ ನಿಮ್ಮದಲ್ಲ. ಹೆಸರು, ವಿಳಾಸ ಹೇಳುವಂತೆ ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಬಲವಂತ ಮಾಡುವಂತಿಲ್ಲ. ಆದರೆ ಅಪಘಾತವನ್ನು ಕಣ್ಣಾರೆ ಕಂಡವರು ವಿಳಾಸ ಕೊಟ್ಟು ಹೊರಡಬೇಕೆಂದು ಸುಪ್ರೀಂ ಕೋರ್ಟ್ ಒಪ್ಪಿದ ಮಾರ್ಗಸೂಚಿ ಹೇಳುತ್ತದೆ. ಸಾಕ್ಷಿಯಾಗಲು ನೀವಾಗಿಯೇ ಒಪ್ಪಿದರೆ, ನಿಮಗೆ ಅನುಕೂಲವಾದ ಸ್ಥಳ, ಸಮಯದಲ್ಲಿ ಹೇಳಿಕೆ ಪಡೆಯಬೇಕು. ತನಿಖಾಧಿಕಾರಿ ಮಫ್ತಿಯಲ್ಲಿ ಬರಬೇಕು. ದಾಖಲಾತಿ ಶುಲ್ಕವನ್ನು ನಿಮ್ಮಿಂದ ಕೇಳುವಂತಿಲ್ಲ. ಈ ಹಕ್ಕುಗಳ ಫಲಕ ಪ್ರತಿ ಆಸ್ಪತ್ರೆಯ ಬಾಗಿಲಲ್ಲಿ ಕನ್ನಡದಲ್ಲೂ ಇರಬೇಕು.

ಮಿತಿಗಳು

ಡಿಕ್ಕಿ ಹೊಡೆದ ಚಾಲಕನಿಗೆ ಈ ರಕ್ಷಣೆಯಿಲ್ಲ. ಗಾಯಾಳುವಿಗೆ ಚಿಕಿತ್ಸೆ ಕೊಡಿಸಿ ಪೊಲೀಸರಿಗೆ ತಿಳಿಸುವುದು 134ನೇ ಕಲಂ ಪ್ರಕಾರ ಅವನ ಕರ್ತವ್ಯ. 134ಎ ವಾಹನ ಅಪಘಾತಕ್ಕಷ್ಟೇ ಅನ್ವಯ. ಹೊಲದಲ್ಲೋ ಸಂತೆಯಲ್ಲೋ ಪ್ರಜ್ಞೆ ತಪ್ಪಿದವರಿಗೆ ಅವರ ಒಳಿತಿಗಾಗಿ ಸದ್ಭಾವನೆಯಿಂದ ನೆರವಾದರೆ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಂ ಆಸರೆಯಾಗುತ್ತದೆ.

ಕಿರುಕುಳವಾದರೆ

ದಿನಾಂಕ, ಸಮಯ, ಸಿಬ್ಬಂದಿಯ ಹೆಸರು ಬರೆದಿಟ್ಟುಕೊಳ್ಳಿ. ಪೊಲೀಸರ ವಿರುದ್ಧವಾದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ, ಆಸ್ಪತ್ರೆಯ ವಿರುದ್ಧವಾದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.