ಪರಮಾಣುವಿನ ಅಳತೆಗೋಲು

ಅಳತೆಯು ಸೂಕ್ಷ್ಮವಾದಷ್ಟೂ ಅರಿವು ಆಳವಾಗುತ್ತದೆ. ಗೇಣು, ಮೊಳಗಳಿಂದ ಅಳೆಯತೊಡಗಿದ ಮಾನವನು ಇಂದು ಪರಮಾಣುವನ್ನೇ ಅಳತೆಗೋಲಾಗಿಸಿಕೊಂಡಿದ್ದಾನೆ.

1924ರಲ್ಲಿ ಢಾಕಾ ವಿಶ್ವವಿದ್ಯಾನಿಲಯದ ಅಧ್ಯಾಪಕ ಸತ್ಯೇಂದ್ರನಾಥ ಬೋಸರು, ಒಂದರಿಂದೊಂದನ್ನು ಬೇರ್ಪಡಿಸಿ ಗುರುತಿಸಲಾಗದ ಬೆಳಕಿನ ಕಣಗಳನ್ನು ಎಣಿಸುವ ಹೊಸ ಕ್ರಮವೊಂದನ್ನು ಬರೆದು ಐನ್‌ಸ್ಟೈನರಿಗೆ ಕಳುಹಿಸಿದರು. ಐನ್‌ಸ್ಟೈನರು ಅದನ್ನು ತಾವೇ ಜರ್ಮನ್ ಭಾಷೆಗೆ ಅನುವಾದಿಸಿ ಪ್ರಕಟಣೆಗೆ ಕೊಟ್ಟರು. ಅದೇ ಕ್ರಮವನ್ನು ಅನಿಲದ ಪರಮಾಣುಗಳಿಗೂ ಅನ್ವಯಿಸಿದರು. ಪ್ರತಿಯೊಂದು ಪರಮಾಣುವಿಗೂ ಅಲೆಯ ಗುಣವುಂಟು. ಅತಿಶೈತ್ಯದಲ್ಲಿ ಅಸಂಖ್ಯ ಪರಮಾಣುಗಳು ಒಂದೇ ಸ್ಥಿತಿಗಿಳಿದು, ಒಂದೇ ಅಲೆಯಂತೆ ವರ್ತಿಸಬೇಕೆಂದು ಅವರ ಗಣಿತ ಸಾರಿತು. ಇದೇ ಬೋಸ್-ಐನ್‌ಸ್ಟೈನ್ ಸಾಂದ್ರೀಕರಣ.

ಅನಿಲದಲ್ಲಿ ಇದನ್ನು ಕಾಣಲು ಎಪ್ಪತ್ತು ವರ್ಷ ಕಾಯಬೇಕಾಯಿತು. 1995ರಲ್ಲಿ ಅಮೆರಿಕದ ಕಾರ್ನೆಲ್ ಮತ್ತು ವೀಮನ್ ಎಂಬ ವಿಜ್ಞಾನಿಗಳು ರುಬಿಡಿಯಂ ಅನಿಲವನ್ನು ತಣಿಸಿ ಇದನ್ನು ಸಾಧಿಸಿದರು. ಆಗ ಅದರ ಉಷ್ಣತೆಯು ನಿರಪೇಕ್ಷ ಶೂನ್ಯಕ್ಕಿಂತ ಒಂದು ಡಿಗ್ರಿಯ ಹತ್ತು ಲಕ್ಷದಲ್ಲೊಂದು ಪಾಲಿನಷ್ಟೂ ಹೆಚ್ಚಿರಲಿಲ್ಲ. ಇದನ್ನು ಕಾಣಲು ಬೋಸರಿರಲಿಲ್ಲ. ಅವರು 1974ರಲ್ಲಿ ತೀರಿಕೊಂಡಿದ್ದರು.

ಇಂತಹ ಅಲೆಯನ್ನು ಲೇಸರ್ ಬೆಳಕು ಎರಡು ಕವಲಾಗಿ ಒಡೆದು ಮತ್ತೆ ಕೂಡಿಸಬಲ್ಲದು. ಕವಲುಗಳು ಸಾಗಿದ ಹಾದಿಯಲ್ಲಿ ಗುರುತ್ವಾಕರ್ಷಣೆಯಿಂದ ಉಂಟಾದ ವ್ಯತ್ಯಾಸವು, ಅವು ಕೂಡಿದಾಗ ಪರಮಾಣುಗಳ ಹಂಚಿಕೆಯಲ್ಲಿ ತೋರುತ್ತದೆ. ಬಿಸಿಯಾದ ಅನಿಲವು ಬೇಗನೆ ಚದುರುತ್ತದೆ. ತಣಿದ ಪರಮಾಣುಗಳು ಹೆಚ್ಚು ಕಾಲ ಒಟ್ಟಿಗಿರುತ್ತವೆ. ಕಾಲ ಹೆಚ್ಚಿದಷ್ಟೂ ಅಳತೆ ಸೂಕ್ಷ್ಮ. ಆದರೆ ಭೂಮಿಯ ಮೇಲೆ ಅವು ಬಹುಬೇಗ ಉಪಕರಣದ ತಳಕ್ಕೆ ಬೀಳುತ್ತವೆ. ಆದುದರಿಂದ 2017ರಲ್ಲಿ ಜರ್ಮನ್ ವಿಜ್ಞಾನಿಗಳು ಸ್ವೀಡನ್ನಿನಿಂದ ರಾಕೆಟ್ಟೊಂದನ್ನು ಹಾರಿಸಿ, ಮೊದಲ ಬಾರಿಗೆ ಬಾಹ್ಯಾಕಾಶದಲ್ಲಿ ಈ ಸ್ಥಿತಿಯನ್ನು ಪಡೆದರು.

ನೆಲದಡಿಯ ನೀರು ಕುಗ್ಗಿದರೆ ಅಲ್ಲಿನ ಗುರುತ್ವವೂ ಕಿಂಚಿತ್ ತಗ್ಗುತ್ತದೆ. ಅಂತಹ ಅಲ್ಪ ಬದಲಾವಣೆಯನ್ನೂ ಅರಿಯಬೇಕೆಂಬುದು ಇಂತಹ ಅಳತೆಗಳ ಗುರಿ. ಬೋಸರು ಬರೆದದ್ದು ಕೇವಲ ಎಣಿಕೆಯ ಕ್ರಮ. ಅದರಿಂದ ಮೂಡಿದ್ದು ಭೂಮಿಯನ್ನೇ ತೂಗಬಲ್ಲ ತಕ್ಕಡಿ.